ಅಂಚೆಯಲ್ಲಿ ಹರಡಿದ ಅಬ್ಬರ: ಹೆವಿ ಮೆಟಲ್ ಅಭಿಮಾನಿಗಳ ದಶಕ

1979ರಿಂದ 1990ರವರೆಗಿನ ಹೆವಿ ಮೆಟಲ್ ಸಂಗೀತದ ಚರಿತ್ರೆಯಲ್ಲಿ ಕೇಳುಗರ ಪಾಲು ವಾದಕರ ಪಾಲಿಗಿಂತ ಕಡಿಮೆಯದಲ್ಲ. ರೇಡಿಯೊ ಈ ಸಂಗೀತವನ್ನು ಅಪರೂಪಕ್ಕೆ ಹಾಕುತ್ತಿತ್ತು. ದೊಡ್ಡ ಧ್ವನಿಮುದ್ರಣ ಕಂಪನಿಗಳು ಹೊಸ ತಂಡಗಳ ಮೇಲೆ ಹಣ ಹೂಡಲು ಹಿಂಜರಿಯುತ್ತಿದ್ದವು. ವಿಮರ್ಶಕರಲ್ಲಿ ಹೆಚ್ಚಿನವರು ಇದನ್ನು ಬರೀ ಗದ್ದಲವೆಂದು ಬದಿಗಿಟ್ಟಿದ್ದರು. ಹಾಗಾಗಿ ಪ್ರಸಾರ, ವಿತರಣೆ, ವಿಮರ್ಶೆ ಮೂರನ್ನೂ ಅಭಿಮಾನಿಗಳೇ ಕೈಗೆತ್ತಿಕೊಂಡರು. ಕ್ಯಾಸೆಟ್ ನಕಲು ಮಾಡಿ ಅಂಚೆಗೆ ಹಾಕಿದರು, ಕೈಯಿಂದ ಹಣ ಹಾಕಿ ಕಿರುಪತ್ರಿಕೆ ಹೊರತಂದರು, ಯಾವುದು ನಿಜವಾದ ಮೆಟಲ್ ಎಂದು ಪತ್ರಗಳಲ್ಲಿ ಪಟ್ಟುಹಿಡಿದು ವಾದಿಸಿದರು. ಥ್ರ್ಯಾಶ್, ಡೆತ್, ಬ್ಲ್ಯಾಕ್ ಎಂಬ ಪ್ರಭೇದಗಳು ಆ ವಿನಿಮಯದಲ್ಲಿ ಮತ್ತು ಆ ವಾಗ್ವಾದದಲ್ಲಿ ರೂಪ ಪಡೆದವು.

ಹಿನ್ನೆಲೆ

ಹೆವಿ ಮೆಟಲ್‌ನ ಮೂಲ ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿದೆ. ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ 1970ರ ಫೆಬ್ರವರಿ 13ರಂದು ಹೊರಬಂತು. ತಂಡದ ಗಿಟಾರ್ ವಾದಕ ಟೋನಿ ಐಯೋಮಿ ಹದಿಹರೆಯದಲ್ಲಿ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುವಾಗ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದರು. ಬೆರಳಿಗೆ ತಾವೇ ಮಾಡಿಕೊಂಡ ಟೋಪಿ ತೊಟ್ಟು ನುಡಿಸುತ್ತಿದ್ದ ಅವರು, ಮುಂದೆ ತಂತಿಗಳ ಬಿಗಿ ಸಡಿಲಿಸಿ ಶ್ರುತಿ ಇಳಿಸಿದರು. ಈ ಸಂಗೀತದ ಗುರುತಾದ ಭಾರವಾದ, ಕೆಳದನಿಯ ನಾದಕ್ಕೆ ಅದೂ ಒಂದು ಕಾರಣವಾಯಿತು. ಅದೇ ಪ್ರದೇಶದಿಂದ ಬಂದ ಜೂಡಾಸ್ ಪ್ರೀಸ್ಟ್ ಈ ನಾದಕ್ಕೆ ವೇಗ ಕೂಡಿಸಿ, ಬ್ಲೂಸ್‌ನ ಛಾಯೆಯನ್ನು ಬಹುಮಟ್ಟಿಗೆ ಕಳಚಿತು.

1976ರ ಹೊತ್ತಿಗೆ ಚಿತ್ರ ಬದಲಾಗಿತ್ತು. ಆ ವರ್ಷ ಡೀಪ್ ಪರ್ಪಲ್ ತಂಡ ಒಡೆಯಿತು. ಪಂಕ್ ಸಂಗೀತ ಲಂಡನ್ನಿನ ವಾರಪತ್ರಿಕೆಗಳ ಪುಟಗಳನ್ನು ಆಕ್ರಮಿಸಿತು. ಉದ್ದ ಕೂದಲು, ಉದ್ದದ ಗಿಟಾರ್ ಸೋಲೊ ಎಲ್ಲವೂ ಹಳೆಯ ಕಾಲದ ಸರಕು ಎಂಬ ಮಾತು ಸಾಮಾನ್ಯವಾಯಿತು. ಆದರೆ ಷೆಫೀಲ್ಡ್, ಬಾರ್ನ್ಸ್‌ಲಿ, ನ್ಯೂಕ್ಯಾಸಲ್‌ನಂಥ ಊರುಗಳ ಕೇಳುಗರು ತಮ್ಮ ಅಭಿರುಚಿ ಬದಲಿಸಿರಲಿಲ್ಲ. ಪತ್ರಿಕೆಗಳು ಮುಗಿಯಿತೆಂದ ಸಂಗೀತವನ್ನೇ ಅವರು ಕೇಳುತ್ತಿದ್ದರು, ನುಡಿಸುತ್ತಿದ್ದರು. ತಮ್ಮಂಥವರು ಬೇರೆ ಊರುಗಳಲ್ಲೂ ಇದ್ದಾರೆಂದು ತಿಳಿಯುವ ದಾರಿ ಮಾತ್ರ ಅವರಿಗೆ ಇರಲಿಲ್ಲ.

ಸೌಂಡ್‌ಹೌಸ್‌ನ ಪಟ್ಟಿ

ಆ ದಾರಿ ತೆರೆದವರಲ್ಲಿ ನೀಲ್ ಕೇ ಮುಖ್ಯರು. ವಾಯವ್ಯ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಪಬ್ ಒಂದಕ್ಕೆ ಸೇರಿದ ಸಭಾಂಗಣದಲ್ಲಿ ಅವರು ಧ್ವನಿಮುದ್ರಿಕೆ ಹಾಕುವ ಡಿಜೆ ಆಗಿದ್ದರು. ಬ್ಯಾಂಡ್‌ವ್ಯಾಗನ್ ಹೆವಿ ಮೆಟಲ್ ಸೌಂಡ್‌ಹೌಸ್ ಎಂದು ಹೆಸರಾದ ಆ ಜಾಗದಲ್ಲಿ ನೃತ್ಯಸಂಗೀತದ ಡಿಸ್ಕೊಗೆ ಬದಲಾಗಿ ಭಾರೀ ಸದ್ದಿನ ರಾಕ್ ಮತ್ತು ಮೆಟಲ್ ಮೊಳಗುತ್ತಿತ್ತು. ನುಡಿಸಲು ತಂಡವಿಲ್ಲದ ರಾತ್ರಿಗಳಲ್ಲಿ ಕೆಲವು ಯುವಕರು ರಟ್ಟಿನ, ಮರದ ಗಿಟಾರ್ ಹಿಡಿದು ವಾದನದ ಅಭಿನಯ ಮಾಡುತ್ತಿದ್ದರು.

ಬಂದವರು ಕೇಳಿದ ಹಾಡುಗಳನ್ನು ಎಣಿಸಿ ಕೇ ಒಂದು ಜನಪ್ರಿಯತೆಯ ಪಟ್ಟಿ ಸಿದ್ಧಪಡಿಸುತ್ತಿದ್ದರು. ‘ಸೌಂಡ್ಸ್’ ವಾರಪತ್ರಿಕೆ ಅದನ್ನು ಪ್ರಕಟಿಸತೊಡಗಿತು. ಅಂಗಡಿಯ ಮಾರಾಟದ ಲೆಕ್ಕವನ್ನು ಬಿಟ್ಟು ಕೇಳುಗರ ಕೋರಿಕೆಯನ್ನೇ ಆಧಾರ ಮಾಡಿಕೊಂಡ ಪಟ್ಟಿ ಅದು. ಆದ್ದರಿಂದ ಅಂಗಡಿಯಲ್ಲಿ ಇನ್ನೂ ಸಿಗದ ಹಾಡಿಗೂ ಅಲ್ಲಿ ಸ್ಥಾನ ದೊರೆಯಬಹುದಿತ್ತು. 1978ರ ಡಿಸೆಂಬರ್ ಕೊನೆಯಲ್ಲಿ ಪೂರ್ವ ಲಂಡನ್ನಿನ ಐರನ್ ಮೇಡನ್ ತಂಡ ಕೇಂಬ್ರಿಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೋದಲ್ಲಿ ನಾಲ್ಕು ಹಾಡುಗಳ ಡೆಮೊ (ಮಾದರಿ ಧ್ವನಿಮುದ್ರಣ) ಮುದ್ರಿಸಿ, ಅದರ ಕ್ಯಾಸೆಟ್ಟನ್ನು ಕೇ ಅವರ ಕೈಗಿತ್ತಿತು. ಮರುವರ್ಷದ ವಸಂತದಲ್ಲಿ ಆ ಡೆಮೊದ ‘ಪ್ರೌಲರ್’ ಸೌಂಡ್‌ಹೌಸ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1979ರ ನವೆಂಬರ್‌ನಲ್ಲಿ ತಂಡವೇ ‘ದ ಸೌಂಡ್‌ಹೌಸ್ ಟೇಪ್ಸ್’ ಎಂಬ ಹೆಸರಿನಲ್ಲಿ ಮೂರು ಹಾಡುಗಳ 5,000 ಪ್ರತಿಗಳನ್ನು ಅಂಚೆಯ ಮೂಲಕ ಮಾರಿತು. ಅಷ್ಟರಲ್ಲಿ ಇಎಂಐ ಕಂಪನಿ ಒಪ್ಪಂದಕ್ಕೆ ಮುಂದಾಯಿತು. 1980ರ ಏಪ್ರಿಲ್‌ನಲ್ಲಿ ಬಂದ ತಂಡದ ಮೊದಲ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ಮುಟ್ಟಿತು.

ಹೆಸರಿನ ಜೊತೆಗೇ ಹುಟ್ಟಿದ ತಕರಾರು

1979ರ ಮೇ ತಿಂಗಳಲ್ಲಿ ಲಂಡನ್ನಿನ ಕ್ಯಾಮ್ಡೆನ್‌ನ ಮ್ಯೂಸಿಕ್ ಮಷೀನ್‌ನಲ್ಲಿ ಏಂಜೆಲ್ ವಿಚ್, ಐರನ್ ಮೇಡನ್, ಸ್ಯಾಮ್ಸನ್ ತಂಡಗಳು ಒಂದೇ ಸಂಜೆ ನುಡಿಸಿದವು. ಅದರ ಬಗ್ಗೆ ಜೆಫ್ ಬಾರ್ಟನ್ ‘ಸೌಂಡ್ಸ್’ನಲ್ಲಿ ಬರೆದ ಲೇಖನದ ಜೊತೆ ‘ನ್ಯೂ ವೇವ್ ಆಫ್ ಬ್ರಿಟಿಷ್ ಹೆವಿ ಮೆಟಲ್’ ಎಂಬ ಮಾತು ಅಚ್ಚಾಯಿತು. ಅದನ್ನು ಟಂಕಿಸಿದವರು ಸಂಪಾದಕ ಅಲನ್ ಲೂಯಿಸ್. ಬೇರೆ ಬೇರೆ ಊರಿನ, ಒಂದಕ್ಕೊಂದು ಪರಿಚಯವೇ ಇಲ್ಲದ ತಂಡಗಳು ಆ ಹೆಸರಿನಡಿ ಒಂದು ಅಲೆಯಾಗಿ ಕಂಡವು. ಬಾರ್ನ್ಸ್‌ಲಿಯ ಸ್ಯಾಕ್ಸನ್, ಷೆಫೀಲ್ಡ್‌ನ ಡೆಫ್ ಲೆಪರ್ಡ್, ಸ್ಟೋರ್‌ಬ್ರಿಜ್‌ನ ಡೈಮಂಡ್ ಹೆಡ್, ನ್ಯೂಕ್ಯಾಸಲ್‌ನ ವೆನಮ್ ಅವುಗಳಲ್ಲಿ ಕೆಲವು. ಹಲವು ತಂಡಗಳು ಪಂಕ್‌ನವರಿಂದ ಒಂದು ಪಾಠ ಕಲಿತಿದ್ದವು: ದೊಡ್ಡ ಕಂಪನಿಗೆ ಕಾಯದೆ ಸ್ವಂತ ಖರ್ಚಿನಲ್ಲೋ ಊರಿನ ಸಣ್ಣ ಕಂಪನಿಯ ಮೂಲಕವೋ ಧ್ವನಿಮುದ್ರಿಕೆ ತರುವುದು.

ಬಿಬಿಸಿಯ ರೇಡಿಯೊ 1ರಲ್ಲಿ 1978ರ ನವೆಂಬರ್‌ನಿಂದ ಟಾಮಿ ವ್ಯಾನ್ಸ್ ನಡೆಸುತ್ತಿದ್ದ ‘ಫ್ರೈಡೇ ರಾಕ್ ಶೋ’ ವಾರಕ್ಕೊಂದು ರಾತ್ರಿ ಈ ಸಂಗೀತಕ್ಕೆ ಜಾಗ ಕೊಟ್ಟಿತ್ತು. ಕೇಳುಗರು ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಗೆಳೆಯರಿಗೆ ದಾಟಿಸುತ್ತಿದ್ದರು. 1980ರ ಆಗಸ್ಟ್ 16ರಂದು ಕ್ಯಾಸಲ್ ಡಾನಿಂಗ್ಟನ್‌ನ ಬಯಲಿನಲ್ಲಿ ಮೊದಲ ‘ಮಾನ್‌ಸ್ಟರ್ಸ್ ಆಫ್ ರಾಕ್’ ಉತ್ಸವ ನಡೆಯಿತು. ರೇನ್‌ಬೋ, ಜೂಡಾಸ್ ಪ್ರೀಸ್ಟ್, ಸ್ಕಾರ್ಪಿಯನ್ಸ್, ಸ್ಯಾಕ್ಸನ್ ಅಲ್ಲಿ ನುಡಿಸಿದವು. 1981ರ ಜೂನ್‌ನಲ್ಲಿ ಬಾರ್ಟನ್ ಸಂಪಾದಿಸಿದ ‘ಕೆರ್ರಾಂಗ್!’ ಪತ್ರಿಕೆಯ ಮೊದಲ ಸಂಚಿಕೆ ‘ಸೌಂಡ್ಸ್’ನ ವಿಶೇಷಾಂಕವಾಗಿ ಬಂತು. ಅದರ ಮುಖಪುಟದಲ್ಲಿ ಎಸಿ/ಡಿಸಿಯ ಆಂಗಸ್ ಯಂಗ್ ಇದ್ದರು.

ಅಲೆಯ ಜೊತೆಗೇ ಅದರ ಗಡಿ ಯಾವುದೆಂಬ ಜಗಳವೂ ಶುರುವಾಯಿತು. ಮೋಟರ್‌ಹೆಡ್ ತಂಡದ ಲೆಮ್ಮಿ ತಮ್ಮದು ರಾಕ್ ಅಂಡ್ ರೋಲ್ ಎಂದು ಕೊನೆಯವರೆಗೂ ಹೇಳಿಕೊಂಡರು. ಅಭಿಮಾನಿಗಳಾದರೋ ಅವರನ್ನು ಮೆಟಲ್‌ನ ಹಿರಿಯರ ಸಾಲಿನಲ್ಲೇ ಕೂರಿಸಿದರು. ಡೆಫ್ ಲೆಪರ್ಡ್ ತಂಡ ತನ್ನನ್ನು ಈ ಅಲೆಯೊಳಗೆ ಸೇರಿಸುವುದನ್ನು ಒಪ್ಪಲಿಲ್ಲ. ಆ ತಂಡ ಅಮೆರಿಕದ ಮಾರುಕಟ್ಟೆಗಾಗಿ ತನ್ನ ನಾದವನ್ನು ಮೆದುಗೊಳಿಸುತ್ತಿದೆ ಎಂಬ ಆರೋಪ ಬಲವಾಗಿ, 1980ರ ಆಗಸ್ಟ್‌ನ ರೀಡಿಂಗ್ ಉತ್ಸವದಲ್ಲಿ ಸಭಿಕರಲ್ಲಿ ಕೆಲವರು ವೇದಿಕೆಯತ್ತ ಬಿಯರ್ ಡಬ್ಬಿ ತೂರಿದರು. ತಂಡವೊಂದು ಜನಪ್ರಿಯವಾದಷ್ಟೂ ಮೊದಲ ಅಭಿಮಾನಿಗಳಿಂದ ದೂರವಾಗುತ್ತದೆಯೇ ಎಂಬ ಪ್ರಶ್ನೆ ಅಲ್ಲಿಂದ ಮುಂದೆ ಮೆಟಲ್‌ನ ಪ್ರತಿಯೊಂದು ತಲೆಮಾರಿನಲ್ಲೂ ಎದ್ದಿತು.

ಕ್ಯಾಸೆಟ್ ಮತ್ತು ಅಂಚೆ

ಈ ಅಭಿರುಚಿಯನ್ನು ದೇಶದಿಂದ ದೇಶಕ್ಕೆ ಒಯ್ದ ಸಾಧನ ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಪರಿಚಯಿಸಿದ ಅದು 1980ರ ಹೊತ್ತಿಗೆ ಶಾಲಾ ಹುಡುಗರ ಕೈಗೂ ಎಟುಕುವಷ್ಟು ಅಗ್ಗವಾಗಿತ್ತು. ಸಿ-90 ಕ್ಯಾಸೆಟ್ಟಿನ ಒಂದೊಂದು ಮಗ್ಗುಲಲ್ಲಿ 45 ನಿಮಿಷ ಮುದ್ರಿಸಬಹುದಾದ್ದರಿಂದ ಎರಡು ಎಲ್‌ಪಿಗಳು ಒಂದೇ ಟೇಪಿನಲ್ಲಿ ಹಿಡಿಯುತ್ತಿದ್ದವು. ಎಲ್‌ಪಿ ಒಡೆಯಬಹುದು, ಬಾಗಬಹುದು, ತೂಕವೂ ಹೆಚ್ಚು. ಕ್ಯಾಸೆಟ್ ಮಾತ್ರ ಸಣ್ಣ ಲಕೋಟೆಯಲ್ಲಿ ಸಮುದ್ರ ದಾಟುತ್ತಿತ್ತು.

ವಿನಿಮಯದ ಕ್ರಮ ಸರಳವಾಗಿತ್ತು. ಪ್ರತಿಯೊಬ್ಬ ಅಭಿಮಾನಿಯೂ ತನ್ನಲ್ಲಿರುವ ಟೇಪುಗಳ ಪಟ್ಟಿಯನ್ನು ಬೆರಳಚ್ಚು ಮಾಡಿಯೋ ಕೈಬರಹದಲ್ಲೋ ಇಟ್ಟುಕೊಳ್ಳುತ್ತಿದ್ದ. ತಂಡದ ಹೆಸರು, ಡೆಮೊ ಅಥವಾ ಕಛೇರಿಯ ದಿನಾಂಕ, ಧ್ವನಿಯ ಗುಣಮಟ್ಟ ಅದರಲ್ಲಿರುತ್ತಿದ್ದವು. ಇಬ್ಬರು ಪಟ್ಟಿ ಬದಲಾಯಿಸಿಕೊಂಡು, ಬೇಕಾದ್ದನ್ನು ಗುರುತಿಸಿ, ಒಂದಕ್ಕೊಂದರಂತೆ ಟೇಪ್ ಕಳುಹಿಸುತ್ತಿದ್ದರು. ಹಣದ ಮಾತು ಸಾಮಾನ್ಯವಾಗಿ ಬರುತ್ತಿರಲಿಲ್ಲ. ವ್ಯವಹಾರ ನಂಬಿಕೆಯ ಮೇಲೆ ನಿಂತಿತ್ತು. ಟೇಪ್ ಪಡೆದು ಬದಲಿ ಕಳುಹಿಸದವರ ಹೆಸರುಗಳನ್ನು ಕೆಲವು ಕಿರುಪತ್ರಿಕೆಗಳು ಎಚ್ಚರಿಕೆಯೆಂದು ಅಚ್ಚು ಹಾಕುತ್ತಿದ್ದವು. ಅಂಚೆ ವೆಚ್ಚವೇ ದೊಡ್ಡ ಹೊರೆಯಾಗಿದ್ದರಿಂದ ಹಲವರು ಸ್ಟ್ಯಾಂಪಿನ ಮೇಲೆ ತೆಳುವಾಗಿ ಗೋಂದು ಸವರುತ್ತಿದ್ದರು. ಪಡೆದವನು ಅದನ್ನು ತೊಳೆದರೆ ಅಂಚೆಯ ಮೊಹರು ಅಳಿಸಿ, ಸ್ಟ್ಯಾಂಪು ಮತ್ತೊಮ್ಮೆ ಬಳಕೆಗೆ ಬರುತ್ತಿತ್ತು. ಅದು ಕಾನೂನಿಗೆ ವಿರುದ್ಧವಾಗಿದ್ದರೂ ಜಗತ್ತಿನುದ್ದಕ್ಕೂ ನಡೆಯಿತು.

ನಕಲಿನಿಂದ ನಕಲು ಮಾಡುತ್ತ ಹೋದಂತೆ ಟೇಪಿನ ಹಿಸ್ಸೆನ್ನುವ ಸದ್ದು ಏರುತ್ತಿತ್ತು, ಹಾಡಿನ ವಿವರ ಮಸುಕಾಗುತ್ತಿತ್ತು. ಹಾಗಾಗಿ ಮೂಲಕ್ಕೆ ಹತ್ತಿರದ ಪ್ರತಿ ಇಟ್ಟುಕೊಂಡವನಿಗೆ ಈ ವಲಯದಲ್ಲಿ ಮನ್ನಣೆಯಿತ್ತು. ಲಕೋಟೆಯಲ್ಲಿ ಟೇಪಿನ ಜೊತೆ ದೀರ್ಘ ಪತ್ರವೂ, ಬೇರೆ ತಂಡಗಳ ಡೆಮೊ ಪ್ರಚಾರದ ಚೀಟಿಗಳೂ ಇರುತ್ತಿದ್ದವು. ಯಾವ ತಂಡ ಕೇಳಬೇಕು, ಯಾವುದರ ಎರಡನೆಯ ಆಲ್ಬಮ್ ಮೊದಲನೆಯದಕ್ಕೆ ಸಮವಲ್ಲ, ಯಾವ ಡ್ರಮ್ಸ್ ವಾದಕ ಎಲ್ಲರಿಗಿಂತ ವೇಗ ಎಂಬ ಅಭಿಪ್ರಾಯಗಳು ಹಾಡುಗಳ ಜೊತೆಯಲ್ಲೇ ಪ್ರಯಾಣ ಮಾಡಿದವು.

ಫ್ಯಾನ್‌ಜೀನ್ ಎಂದು ಕರೆಯುವ ಕಿರುಪತ್ರಿಕೆಗಳು ಈ ಪತ್ರಗಳ ಮುಂದುವರಿಕೆ. ನೆದರ್‌ಲೆಂಡ್ಸ್‌ನ ‘ಆರ್ಡ್‌ಷಾಕ್’ 1980ರಲ್ಲಿ, ಬ್ರಿಟನ್ನಿನ ‘ಮೆಟಲ್ ಫೋರ್ಸಸ್’ 1983ರಲ್ಲಿ ಶುರುವಾದವು. ‘ಮೆಟಲ್ ಫೋರ್ಸಸ್’ ಡೆಮೊ ಟೇಪುಗಳಿಗೇ ವಿಮರ್ಶೆಯ ಅಂಕಣ ಮೀಸಲಿಟ್ಟಿತು. ಕಂಪನಿಯ ಒಪ್ಪಂದವಿಲ್ಲದ ತಂಡದ ಕ್ಯಾಸೆಟ್ಟನ್ನೂ ಪೂರ್ಣ ಕೃತಿಯಂತೆ ತೂಗಿ ನೋಡುವ ಪದ್ಧತಿ ಹೀಗೆ ನೆಲೆಯೂರಿತು.

ಅಮೆರಿಕದಲ್ಲಿ ಅಲೆ

ಬ್ರಿಟಿಷ್ ಅಲೆ ಅಮೆರಿಕ ತಲುಪಿದ್ದು ಹೆಚ್ಚಾಗಿ ಕೆಲವೇ ಹಟವಾದಿ ಸಂಗ್ರಾಹಕರ ಮೂಲಕ. ಅವರಲ್ಲಿ ಲಾರ್ಸ್ ಉಲ್ರಿಕ್ ಒಬ್ಬರು. 1963ರಲ್ಲಿ ಡೆನ್ಮಾರ್ಕ್‌ನಲ್ಲಿ ಹುಟ್ಟಿದ ಅವರು ಟೆನಿಸ್ ಆಟಗಾರನಾಗುವ ಉದ್ದೇಶದಿಂದ 1980ರಲ್ಲಿ ಕುಟುಂಬದೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದರು. ಡೈಮಂಡ್ ಹೆಡ್ ತಂಡ ಅದೇ ವರ್ಷ ಹೆಸರೂ ಚಿತ್ರವೂ ಇಲ್ಲದ ಬಿಳಿ ಹೊದಿಕೆಯಲ್ಲಿ ಮಾರಿದ ಆಲ್ಬಮ್ಮನ್ನು ಅವರು ಅಂಚೆಯಲ್ಲಿ ತರಿಸಿಕೊಂಡರು. 1981ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗಿ ಆ ತಂಡದ ಕಛೇರಿ ಕೇಳಿದ್ದಲ್ಲದೆ, ಅದರ ಸದಸ್ಯರ ಮನೆಯಲ್ಲೇ ಕೆಲಕಾಲ ಉಳಿದರು. ಹಿಂದಿರುಗಿದ ಮೇಲೆ ‘ದ ರೀಸೈಕ್ಲರ್’ ಎಂಬ ಜಾಹೀರಾತು ಪತ್ರಿಕೆಯ ಮೂಲಕ ಜೊತೆಗಾರರನ್ನು ಹುಡುಕಿದರು. ಹಾಗೆ ಜೇಮ್ಸ್ ಹೆಟ್‌ಫೀಲ್ಡ್ ಸಿಕ್ಕಿದರು.

ಇಬ್ಬರೂ ಕಟ್ಟಿದ ತಂಡದ ಹೆಸರು ಕೂಡ ಅಭಿಮಾನಿ ವಲಯದಿಂದಲೇ ಬಂತು. ಸ್ಯಾನ್ ಫ್ರಾನ್ಸಿಸ್ಕೊದ ರಾನ್ ಕ್ವಿಂಟಾನಾ ತಮ್ಮ ಕಿರುಪತ್ರಿಕೆಗೆ ಹೆಸರು ಯೋಚಿಸುತ್ತಿದ್ದಾಗ ಬರೆದಿಟ್ಟುಕೊಂಡ ಪಟ್ಟಿಯಲ್ಲಿ ‘ಮೆಟಾಲಿಕಾ’ ಇತ್ತು. ಪತ್ರಿಕೆ ‘ಮೆಟಲ್ ಮೇನಿಯಾ’ ಎಂದಾಯಿತು, ತಂಡ ಮೆಟಾಲಿಕಾ ಆಯಿತು. ಲಾಸ್ ಏಂಜಲೀಸ್‌ನಲ್ಲಿ ಧ್ವನಿಮುದ್ರಿಕೆ ಅಂಗಡಿಯಲ್ಲಿ ಕೆಲಸಮಾಡುತ್ತಿದ್ದ ಬ್ರಯನ್ ಸ್ಲೇಗಲ್ ಕಿರುಪತ್ರಿಕೆಯೊಂದನ್ನು ನಡೆಸುತ್ತಿದ್ದರು. ಸ್ಥಳೀಯ ತಂಡಗಳ ಒಂದೊಂದು ಹಾಡು ಸೇರಿಸಿ 1982ರಲ್ಲಿ ‘ಮೆಟಲ್ ಮಸಾಕರ್’ ಎಂಬ ಸಂಕಲನ ತಂದರು. ಮೆಟಾಲಿಕಾದ ಮೊದಲ ಅಧಿಕೃತ ಹಾಡು ಅದರಲ್ಲಿದೆ. ಮೊದಲ ಮುದ್ರಣದ ಹೊದಿಕೆಯಲ್ಲಿ ತಂಡದ ಹೆಸರಿನ ಕಾಗುಣಿತವೇ ತಪ್ಪಾಗಿತ್ತು. ಸ್ಲೇಗಲ್ ಕಟ್ಟಿದ ಮೆಟಲ್ ಬ್ಲೇಡ್ ಕಂಪನಿ ಮುಂದೆ ಸ್ಲೇಯರ್ ತಂಡದ ಮೊದಲ ಆಲ್ಬಮ್ಮನ್ನೂ ತಂದಿತು.

1982ರ ಜುಲೈನಲ್ಲಿ ಮೆಟಾಲಿಕಾ ಮುದ್ರಿಸಿದ ಏಳು ಹಾಡುಗಳ ಡೆಮೊ ‘ನೋ ಲೈಫ್ ಟಿಲ್ ಲೆದರ್’ ಟೇಪ್ ವಿನಿಮಯದ ಶಕ್ತಿಯನ್ನು ತೋರಿಸಿದ ದೊಡ್ಡ ಉದಾಹರಣೆ. ಗೆಳೆಯರ ಕೈಗೆ ಕೊಟ್ಟ ಪ್ರತಿಗಳು ನಕಲಾಗುತ್ತ ತಿಂಗಳುಗಳಲ್ಲಿ ಯುರೋಪಿನವರೆಗೆ ಹೋದವು. ಒಂದು ಪ್ರತಿ ನ್ಯೂಜೆರ್ಸಿಯಲ್ಲಿ ವಾರಾಂತ್ಯದ ಸಂತೆ ಮಳಿಗೆಯಲ್ಲಿ ‘ರಾಕ್ ಎನ್ ರೋಲ್ ಹೆವನ್’ ಎಂಬ ಅಂಗಡಿ ಇಟ್ಟಿದ್ದ ಜಾನ್ ಮತ್ತು ಮಾರ್ಷಾ ಜಜುಲಾ ದಂಪತಿಯ ಕೈಗೆ ಸಿಕ್ಕಿತು. ಅವರು ತಂಡವನ್ನು ಖಂಡದ ಇನ್ನೊಂದು ತುದಿಗೆ ಕರೆಸಿಕೊಂಡರು. ಯಾವ ಕಂಪನಿಯೂ ಮುಂದೆ ಬಾರದಿದ್ದಾಗ ಸಾಲ ಮಾಡಿ ತಾವೇ ಮೆಗಾಫೋರ್ಸ್ ಕಂಪನಿ ಹುಟ್ಟುಹಾಕಿದರು. 1983ರ ಜುಲೈನಲ್ಲಿ ‘ಕಿಲ್ ದೆಮ್ ಆಲ್’ ಆಲ್ಬಮ್ ಬಂದಾಗ ಅದನ್ನು ಕೊಳ್ಳಲು ಕಾದಿದ್ದ ಕೇಳುಗರು ಆಗಲೇ ಇದ್ದರು. ಅವರನ್ನು ಕೂಡಿಸಿದ್ದು ಕ್ಯಾಸೆಟ್.

ನಿಜವಾದ ಮೆಟಲ್ ಯಾವುದು?

1983ರ ನಂತರ ಅಮೆರಿಕದಲ್ಲಿ ಮೆಟಲ್ ಎರಡು ದಾರಿಯಾಗಿ ಒಡೆಯಿತು. ಲಾಸ್ ಏಂಜಲೀಸ್‌ನ ಮಾಟ್ಲಿ ಕ್ರೂ, ರ‍್ಯಾಟ್‌ನಂಥ ತಂಡಗಳು ಬಣ್ಣ ಬಳಿದ ಮುಖ, ಹೊಳೆಯುವ ಉಡುಪು, ಸುಲಭವಾಗಿ ಹಾಡಿಕೊಳ್ಳಬಹುದಾದ ಪಲ್ಲವಿಗಳೊಂದಿಗೆ ದೂರದರ್ಶನದ ಎಂಟಿವಿಯಲ್ಲಿ ಬೆಳಗಿದವು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಮೆಟಾಲಿಕಾ, ಎಕ್ಸೊಡಸ್ ಮತ್ತು ಅವುಗಳ ಅಭಿಮಾನಿಗಳು ಜೀನ್ಸ್, ಡೆನಿಮ್ ಅಂಗಿಯಲ್ಲೇ ಇದ್ದು ವೇಗವನ್ನೇ ಆದರ್ಶವಾಗಿ ಹಿಡಿದರು. ಬರ್ಕ್ಲಿಯ ರೂಥೀಸ್ ಇನ್‌ನಂಥ ಸಣ್ಣ ಸಭಾಂಗಣಗಳಲ್ಲಿ ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಕೇಳುಗರು ಒಟ್ಟಿಗೆ ಸೇರಿದರು. ಅಲ್ಲಿ ‘ಪೋಸರ್’ ಎಂಬುದು ಅತಿ ದೊಡ್ಡ ಬೈಗುಳವಾಗಿತ್ತು. ಸಂಗೀತದ ಮೇಲೆ ಪ್ರೀತಿಯಿಲ್ಲದೆ ವೇಷಕ್ಕಾಗಿ ಬಂದವನು ಎಂದು ಅದರ ಭಾವ.

ಈ ವಿಂಗಡಣೆ ಹೊಸ ಹೆಸರುಗಳನ್ನು ಬೇಡಿತು. ‘ಕೆರ್ರಾಂಗ್!’ನ ಮಾಲ್ಕಮ್ ಡೋಮ್ 1984ರಲ್ಲಿ ಆಂತ್ರಾಕ್ಸ್ ತಂಡದ ಹಾಡೊಂದರ ಬಗ್ಗೆ ಬರೆಯುತ್ತ ಬಳಸಿದ ‘ಥ್ರ್ಯಾಶ್ ಮೆಟಲ್’ ಎಂಬ ಮಾತು ನಿಂತುಬಿಟ್ಟಿತು. ವೆನಮ್‌ನ 1982ರ ಆಲ್ಬಮ್ಮಿನ ಶೀರ್ಷಿಕೆಯಿಂದ ‘ಬ್ಲ್ಯಾಕ್ ಮೆಟಲ್’ ಬಂತು. ಕ್ಯಾಲಿಫೋರ್ನಿಯಾದ ಪೊಸೆಸ್ಡ್ ತಂಡ 1984ರಲ್ಲಿ ತನ್ನ ಡೆಮೊಗೆ ‘ಡೆತ್ ಮೆಟಲ್’ ಎಂದೇ ಹೆಸರಿಟ್ಟಿತು. ಯಾವ ತಂಡ ಯಾವ ಹೆಸರಿನಡಿ ಬರುತ್ತದೆ ಎಂಬುದರ ಮೇಲೆ ಕಿರುಪತ್ರಿಕೆಗಳ ಓದುಗರ ಪುಟಗಳಲ್ಲಿ ವರ್ಷಗಟ್ಟಲೆ ಚರ್ಚೆ ನಡೆಯಿತು. ಹೊರಗಿನವರಿಗೆ ಅತಿಸೂಕ್ಷ್ಮವೆಂದು ತೋರುವ ಈ ವಾದಗಳ ಹಿಂದೆ ಸಂಗೀತದ ಬಗ್ಗೆ ನಿಖರವಾದ ತಿಳಿವಳಿಕೆಯಿತ್ತು. ಲಯದ ಗತಿ, ಗಿಟಾರ್ ಮೀಟುವ ಕ್ರಮ, ಕಂಠದ ಬಳಕೆ, ಸಾಹಿತ್ಯದ ವಸ್ತು ಎಲ್ಲವನ್ನೂ ಎತ್ತಿ ತೋರಿಸಿ ಮಾತಾಡಬೇಕಿತ್ತು.

ವಾದ ಮೆಚ್ಚಿನ ತಂಡಗಳನ್ನೂ ಬಿಡಲಿಲ್ಲ. 1984ರ ‘ರೈಡ್ ದ ಲೈಟ್ನಿಂಗ್’ ಆಲ್ಬಮ್ಮಿನಲ್ಲಿ ಮೆಟಾಲಿಕಾ ಅಕೌಸ್ಟಿಕ್ ಗಿಟಾರಿನಿಂದ ಶುರುವಾಗುವ ನಿಧಾನಗತಿಯ ‘ಫೇಡ್ ಟು ಬ್ಲ್ಯಾಕ್’ ಸೇರಿಸಿದಾಗ, ತಂಡ ತನ್ನನ್ನು ಮಾರಿಕೊಂಡಿತು ಎಂದು ಹಳೆಯ ಅಭಿಮಾನಿಗಳಲ್ಲಿ ಕೆಲವರು ಸಿಟ್ಟಾದರು. ಅದೇ ಹಾಡು ಮುಂದೆ ಈ ಪ್ರಕಾರದ ಮೇಲ್ಮಟ್ಟದ ರಚನೆಗಳಲ್ಲಿ ಒಂದೆಂದು ನೆಲೆಗೊಂಡಿತು.

ಹೊರಗಿನ ಆಕ್ಷೇಪ ಈ ಒಳಜಗಳದವರನ್ನು ಒಂದಾಗಿಸಿದ ಸಂದರ್ಭವೂ ಇದೆ. 1985ರ ಸೆಪ್ಟೆಂಬರ್ 19ರಂದು ಅಮೆರಿಕದ ಸೆನೆಟ್ ಸಮಿತಿ ಹಾಡಿನ ಸಾಹಿತ್ಯದ ಬಗ್ಗೆ ವಿಚಾರಣೆ ನಡೆಸಿತು. ಪಿಎಂಆರ್‌ಸಿ ಎಂಬ ಪೋಷಕರ ಸಂಘಟನೆ ಆಕ್ಷೇಪಾರ್ಹವೆಂದು ಹೆಸರಿಸಿದ ಹದಿನೈದು ಹಾಡುಗಳಲ್ಲಿ ಹಲವು ಹೆವಿ ಮೆಟಲ್‌ನವು. ಟ್ವಿಸ್ಟೆಡ್ ಸಿಸ್ಟರ್ ತಂಡದ ಡೀ ಸ್ನೈಡರ್ ಸಮಿತಿಯ ಮುಂದೆ ಕೂತು, ತಮ್ಮ ‘ಅಂಡರ್ ದ ಬ್ಲೇಡ್’ ಹಾಡು ಹಿಂಸೆಯ ಬಗ್ಗೆ ಅಲ್ಲ, ಶಸ್ತ್ರಚಿಕಿತ್ಸೆಗೆ ಒಳಗಾಗುವವನ ಭಯದ ಬಗ್ಗೆ ಇದೆ ಎಂದು ವಿವರಿಸಿದರು. ಅಭಿಮಾನಿಗಳು ತಮ್ಮೊಳಗೆ ಮಾಡುತ್ತಿದ್ದ ಅರ್ಥವಿವೇಚನೆ ಅಂದು ರಾಷ್ಟ್ರದ ಶಾಸನಸಭೆಯವರೆಗೆ ಹೋಯಿತು.

ಭೂಗತ ಜಾಲ

ಥ್ರ್ಯಾಶ್ ತಂಡಗಳು ದೊಡ್ಡ ಕಂಪನಿಗಳ ಕೈಸೇರಿದ ಮೇಲೆ ಟೇಪ್ ವಿನಿಮಯ ಇನ್ನೂ ಕಠೋರವಾದ ಸಂಗೀತದತ್ತ ತಿರುಗಿತು. ಫ್ಲಾರಿಡಾದಲ್ಲಿ ಚಕ್ ಶುಲ್ಡಿನರ್ 1983ರಲ್ಲಿ ಕಟ್ಟಿದ ಮಾಂಟಾಸ್ ತಂಡ ಮುಂದೆ ಡೆತ್ ಎಂದು ಹೆಸರು ಬದಲಿಸಿತು. ಅದರ ಡೆಮೊಗಳು ಆಲ್ಬಮ್ ಬರುವ ಮೊದಲೇ ಹಲವು ದೇಶಗಳಲ್ಲಿ ಓಡಾಡಿದವು. ಆ ಆಲ್ಬಮ್ ‘ಸ್ಕ್ರೀಮ್ ಬ್ಲಡಿ ಗೋರ್’ ಬಂದದ್ದು 1987ರಲ್ಲಿ. ಸ್ವಿಟ್ಜರ್‌ಲೆಂಡ್‌ನ ಹೆಲ್‌ಹ್ಯಾಮರ್, ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯ ಸೆಪಲ್ಚುರಾ, ನಾರ್ವೆಯ ಮೇಹೆಮ್ ತಂಡಗಳಿಗೂ ಅಂಚೆಯೇ ಹೊರಜಗತ್ತಿನ ಬಾಗಿಲು. ನಾರ್ವೆಯಲ್ಲಿ 1985ರಿಂದ ಜಾನ್ ಕ್ರಿಸ್ಟಿಯಾನ್ಸೆನ್ ‘ಸ್ಲೇಯರ್’ ಎಂಬ ಕಿರುಪತ್ರಿಕೆಯನ್ನು ತರುತ್ತ ಈ ತಂಡಗಳನ್ನು ಪರಸ್ಪರ ಪರಿಚಯಿಸಿದರು.

ಮಿಷಿಗನ್ನಿನ ಫ್ಲಿಂಟ್ ಊರಿನ ರಿಪಲ್ಷನ್ ತಂಡದ ಕಥೆ ಈ ಜಾಲದ ಬಲಕ್ಕೆ ಸಾಕ್ಷಿ. 1986ರಲ್ಲಿ ತಂಡ ಮುದ್ರಿಸಿದ ಹಾಡುಗಳಿಗೆ ಪ್ರಕಾಶಕರು ಸಿಗಲಿಲ್ಲ, ತಂಡವೂ ಚೆದುರಿತು. ಆದರೆ ಟೇಪು ಇಂಗ್ಲೆಂಡಿಗೆ ತಲುಪಿ, ಅತಿವೇಗದ ಗ್ರೈಂಡ್‌ಕೋರ್ ಪ್ರಭೇದವನ್ನು ರೂಪಿಸುತ್ತಿದ್ದ ನೇಪಾಮ್ ಡೆತ್, ಕಾರ್ಕಸ್ ತಂಡಗಳವರನ್ನು ಆಳವಾಗಿ ಪ್ರಭಾವಿಸಿತು. ಕಾರ್ಕಸ್‌ನ ಇಬ್ಬರು ಸದಸ್ಯರು 1989ರಲ್ಲಿ ಅದನ್ನು ‘ಹಾರಿಫೈಡ್’ ಎಂಬ ಆಲ್ಬಮ್ ಆಗಿ ಹೊರತಂದರು. ಕೃತಿ ಪ್ರಕಟವಾಗುವ ಮೊದಲೇ ಅದರಿಂದ ಒಂದು ಪರಂಪರೆ ಹುಟ್ಟಿತ್ತು.

ದಶಕದ ಕೊನೆ ಮತ್ತು ನಂತರ

1987ರಲ್ಲಿ ಎಂಟಿವಿ ‘ಹೆಡ್‌ಬ್ಯಾಂಗರ್ಸ್ ಬಾಲ್’ ಕಾರ್ಯಕ್ರಮ ಶುರುಮಾಡಿತು. 1990ರಲ್ಲಿ ಲಾರ್ಸ್ ಉಲ್ರಿಕ್ ಮತ್ತು ಜೆಫ್ ಬಾರ್ಟನ್ ಸೇರಿ ಹಳೆಯ ಬ್ರಿಟಿಷ್ ಅಲೆಯ ಮರೆತುಹೋದ ಹಾಡುಗಳ ಸಂಕಲನ ತಂದರು. ಅಂಚೆಯಲ್ಲಿ ಆ ಧ್ವನಿಮುದ್ರಿಕೆಗಳನ್ನು ತರಿಸಿಕೊಂಡ ಅಭಿಮಾನಿ, ಅವುಗಳ ಬಗ್ಗೆ ಬರೆದ ಪತ್ರಕರ್ತ ಇಬ್ಬರೂ ಇತಿಹಾಸಕಾರರಾದರು. 1991ರ ಆಗಸ್ಟ್‌ನಲ್ಲಿ ಮೆಟಾಲಿಕಾದ ಐದನೆಯ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ನೇರವಾಗಿ ಏರಿತು. ಅದೇ ವರ್ಷ ಸಮಾಜಶಾಸ್ತ್ರಜ್ಞೆ ಡೀನಾ ವೈನ್‌ಸ್ಟೀನ್ ಅವರ ‘ಹೆವಿ ಮೆಟಲ್: ಎ ಕಲ್ಚರಲ್ ಸೋಷಿಯಾಲಜಿ’, 1993ರಲ್ಲಿ ಸಂಗೀತಶಾಸ್ತ್ರಜ್ಞ ರಾಬರ್ಟ್ ವಾಲ್ಸರ್ ಅವರ ‘ರನ್ನಿಂಗ್ ವಿತ್ ದ ಡೆವಿಲ್’ ಪ್ರಕಟವಾಗಿ, ಈ ಸಂಗೀತ ವಿಶ್ವವಿದ್ಯಾಲಯದ ಅಧ್ಯಯನ ವಿಷಯವೂ ಆಯಿತು.

ಭಾರತದಲ್ಲಿ ಉಪಗ್ರಹ ವಾಹಿನಿಗಳು 1990ರ ದಶಕದಲ್ಲಿ ಈ ಸಂಗೀತದ ಕೇಳುಗರನ್ನು ಹೆಚ್ಚಿಸಿದವು. 1993ರಲ್ಲಿ ಅಲಹಾಬಾದಿನಿಂದ ಹೊರಟ ‘ರಾಕ್ ಸ್ಟ್ರೀಟ್ ಜರ್ನಲ್’ ದೇಶದ ರಾಕ್ ಮತ್ತು ಮೆಟಲ್ ತಂಡಗಳಿಗೆ ವೇದಿಕೆಯಾಯಿತು. ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡದ ನಾದದಲ್ಲಿ 1980ರ ದಶಕದ ಮೆಟಲ್‌ನ ಛಾಪು ಸ್ಪಷ್ಟವಾಗಿದೆ. ಐರನ್ ಮೇಡನ್ 2007ರ ಮಾರ್ಚ್ 17ರಂದು, ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದವು.

ಟೇಪ್ ವಿನಿಮಯದ ಕೊನೆಯ ದೊಡ್ಡ ವಿವಾದ 2000ದಲ್ಲಿ ಎದ್ದಿತು. ಆ ವರ್ಷದ ಏಪ್ರಿಲ್‌ನಲ್ಲಿ ಮೆಟಾಲಿಕಾ, ಹಾಡುಗಳನ್ನು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಂಚುವ ನ್ಯಾಪ್‌ಸ್ಟರ್ ಮೇಲೆ ಮೊಕದ್ದಮೆ ಹೂಡಿ, ಮೂರು ಲಕ್ಷಕ್ಕೂ ಹೆಚ್ಚು ಬಳಕೆದಾರರ ಹೆಸರುಗಳನ್ನು ಮುಂದಿಟ್ಟಿತು. ನಕಲು ಮಾಡಿದ ಕ್ಯಾಸೆಟ್ಟಿನಿಂದ ಬೆಳೆದ ತಂಡವೇ ನಕಲನ್ನು ವಿರೋಧಿಸುತ್ತಿದೆ ಎಂದು ಅಭಿಮಾನಿಗಳು ದೂರಿದರು. ಕೈಯಿಂದ ಕೈಗೆ ದಾಟಿದ ಡೆಮೊಗೂ ಪೂರ್ಣಗೊಂಡ ಕೃತಿಯ ಲಕ್ಷಾಂತರ ನಿಖರ ಪ್ರತಿಗಳಿಗೂ ವ್ಯತ್ಯಾಸವಿದೆ ಎಂದು ತಂಡದ ಪರವಾದವರು ಉತ್ತರಿಸಿದರು. ಎರಡು ವಾದದಲ್ಲೂ ಹುರುಳಿದೆ. ಟೇಪ್ ವಿನಿಮಯ ನಡೆದದ್ದು ಅಂಗಡಿಯಲ್ಲಿ ಸಿಗದ ಸಂಗೀತಕ್ಕಾಗಿ. ಪ್ರತಿ ನಕಲಿಗೂ ಸಮಯ, ಅಂಚೆ ವೆಚ್ಚ, ಒಂದು ಪತ್ರ ಬೇಕಿತ್ತು. ಆ ಶ್ರಮವೇ ಕೇಳುಗನನ್ನು ವಿಮರ್ಶಕನನ್ನಾಗಿ, ಪ್ರಕಾಶಕನನ್ನಾಗಿ, ಹಲವೊಮ್ಮೆ ವಾದಕನನ್ನಾಗಿ ಬೆಳೆಸಿತು. ಉಲ್ರಿಕ್, ಸ್ಲೇಗಲ್, ಕ್ವಿಂಟಾನಾ, ಜಜುಲಾ ದಂಪತಿ ಎಲ್ಲರೂ ಮೊದಲು ಅಭಿಮಾನಿಗಳು. ಹೆವಿ ಮೆಟಲ್‌ನ ಇಂದಿನ ಪ್ರಭೇದಗಳು, ಅವುಗಳ ಹೆಸರುಗಳು, ಅವುಗಳನ್ನು ಅಳೆಯುವ ಮಾನದಂಡಗಳು ಬಹುಪಾಲು ಅವರಂಥವರ ದುಡಿಮೆಯ ಫಲ.